ಸಾಕ್ಷಿಯ ಪಕ್ಕದಲ್ಲಿ ಕೂತವರು

ಡಾಕ್ಯುಮೆಂಟರಿಗೆ ನಾವು ಸಾಕ್ಷ್ಯಚಿತ್ರ ಎನ್ನುತ್ತೇವೆ. ಇಂಗ್ಲಿಷ್ ಪದದಲ್ಲಿ ಕಾಗದಪತ್ರದ ವಾಸನೆ ಇದ್ದರೆ ನಮ್ಮ ಪದದಲ್ಲಿ ಪಂಚಾಯಿತಿಯ ಸದ್ದಿದೆ. ಸಾಕ್ಷ್ಯ ಎಂದ ಮೇಲೆ ಹೇಳುವವರು ಬೇಕು, ಕೇಳುವವರು ಬೇಕು, ಮಾತು ತಪ್ಪಿದರೆ ತಡೆಯುವವರೂ ಬೇಕು. ಯಾದಗಿರಿ ಸೀಮೆಯ ಕಟ್ಟೆಗಳಲ್ಲಿ ಒಬ್ಬರು ಎದ್ದು ನಿಂತು ಏನಾದರೂ ಹೇಳಿದರೆ ಹಿರಿಯರು ಮೊದಲು ಕೇಳುವುದು, "ಈ ಮಾತಿಗಿ ಮತ್ತ ಯಾರದಾರಪ?" ಎಂದು. ಮಾತು ಎಷ್ಟೇ ನಿಜವಿರಲಿ, ಪಕ್ಕದಲ್ಲಿ ಕೂತು ಹೌದೆನ್ನುವವರಿಲ್ಲದಿದ್ದರೆ ಅದಕ್ಕೆ ತೂಕ ಬರುವುದಿಲ್ಲ. ಇಂಥ ಒಳ್ಳೆಯ ಪದವನ್ನು ಕೈಯಲ್ಲಿಟ್ಟುಕೊಂಡೂ ನಮ್ಮ ಸಿನಿಮಾ ವಿಮರ್ಶೆ ಸಾಕ್ಷ್ಯಚಿತ್ರದ ಮುಂದೆ ಈ ಪ್ರಶ್ನೆಯನ್ನು ಎತ್ತುವುದು ಅಪರೂಪ. ವಿಷಯ ದೊಡ್ಡದಾಗಿದ್ದರೆ ಚಿತ್ರವೂ ದೊಡ್ಡದು. ದೇವದಾಸಿ, ಗುಳೆ, ಬರ, ಮಲ ಹೊರುವವರ ಬದುಕು ಎಂದರೆ ಸಾಕು, 'ಕಣ್ಣು ತೆರೆಸುವ ಚಿತ್ರ' ಎಂದು ಬರೆದು ಮುಗಿಸುತ್ತೇವೆ. ಯಾರ ಕಣ್ಣು, ತೆರೆಸಿದವರು ಯಾರು ಎಂಬುದು ಹಾಗೇ ಉಳಿಯುತ್ತದೆ.

ನನ್ನ ಸಂಶೋಧನೆ ಸಾಕ್ಷ್ಯಚಿತ್ರಗಳ ಮೇಲೆ. ಕರ್ನಾಟಕದ ಚಿತ್ರಗಳ ಪಕ್ಕದಲ್ಲಿ ಆಸ್ಟ್ರೇಲಿಯಾದ ಕೆಲವು ಚಿತ್ರಗಳನ್ನಿಟ್ಟು ನೋಡುತ್ತಿದ್ದೇನೆ ಎಂದರೆ ಕೇಳಿದವರು ನಗುತ್ತಾರೆ. ಅಬ್ಬೆತುಮಕೂರಿನವರಿಗೆ ಆಸ್ಟ್ರೇಲಿಯಾ ಯಾಕೆ ಬೇಕು ಎಂಬುದು ಅವರ ನಗುವಿನ ಅರ್ಥ. ನನಗೆ ಬೇಕಾಯಿತು. ಅಲ್ಲಿನ ಸರ್ಕಾರಿ ಭಾಷೆಯಲ್ಲಿ ಉತ್ತರದ ಮೂಲನಿವಾಸಿ ಊರುಗಳ ಹಿಂದೆ 'ರಿಮೋಟ್' ಎಂಬ ವಿಶೇಷಣ ಅಂಟಿಕೊಂಡಿರುತ್ತದೆ. ನಮ್ಮ ಹಿಂದೆ ಅಂಟಿರುವುದು 'ಹಿಂದುಳಿದ'. 2002ರ ನಂಜುಂಡಪ್ಪ ಸಮಿತಿಯ ವರದಿ ನಮ್ಮ ತಾಲೂಕುಗಳನ್ನು 'ಅತ್ಯಂತ ಹಿಂದುಳಿದ' ಪಟ್ಟಿಗೆ ಹಾಕಿತು; 371(ಜೆ) ಬಂತು; 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೂ ಆಯಿತು. ವರದಿಗೆ ಆ ಪದ ಬೇಕು, ಇಲ್ಲದಿದ್ದರೆ ದುಡ್ಡು ಬರುವುದಿಲ್ಲ. 371(ಜೆ)ಯ ನೆರಳಲ್ಲೇ ನಾನು ಓದಿದವಳು, ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ವಿಶೇಷಣವನ್ನು ಲೆನ್ಸಿಗೆ ಹಚ್ಚಿಕೊಂಡು ಊರೊಳಗೆ ಬರುವ ಕ್ಯಾಮೆರಾದ ಜತೆ.

ಕನ್ನಡದಲ್ಲಿ ಗೌರವಕ್ಕೆ ಪಾತ್ರವಾದ ಸಾಕ್ಷ್ಯಚಿತ್ರಗಳಲ್ಲಿ ಹೆಚ್ಚಿನವು ವ್ಯಕ್ತಿಚಿತ್ರಗಳು. ಗಿರೀಶ ಕಾರ್ನಾಡರು 1970ರ ದಶಕದ ಆರಂಭದಲ್ಲಿ ಬೇಂದ್ರೆಯವರ ಬಗ್ಗೆ ಚಿತ್ರ ಮಾಡಿದರು. ಅವರ 'ಕನಕ ಪುರಂದರ' 1988ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥೇತರ ಚಿತ್ರವಾಯಿತು. ಗಿರೀಶ ಕಾಸರವಳ್ಳಿಯವರು ಅನಂತಮೂರ್ತಿಯವರ ಬಗ್ಗೆ, ಅಡೂರ್ ಗೋಪಾಲಕೃಷ್ಣನ್ ಬಗ್ಗೆ ಮಾಡಿದರು. ಇವುಗಳಲ್ಲಿ ಮಾತಾಡುವವರು ಮಾತಿನಲ್ಲೇ ಪಳಗಿದವರು. ಕ್ಯಾಮೆರಾ ಎದುರು ಕೂತಾಗ ಅಧಿಕಾರ ಅವರ ಕಡೆಗೇ ಇರುತ್ತದೆ. ಆದ್ದರಿಂದ ಆ ಚಿತ್ರಗಳ ವಿಮರ್ಶೆಗೆ ನನ್ನ ಪ್ರಶ್ನೆ ಅಷ್ಟಾಗಿ ಬೇಕಾಗುವುದಿಲ್ಲ. ಇನ್ನೊಂದು ತುದಿಯಲ್ಲಿ 2022ರ 'ಗಂಧದ ಗುಡಿ' ಇದೆ. ಪುನೀತ್ ರಾಜಕುಮಾರ್ ಮತ್ತು ಅಮೋಘವರ್ಷ ಒಟ್ಟಿಗೆ ಕಾಡು ಸುತ್ತಿದ ಚಿತ್ರ, ಅಷ್ಟೊಂದು ಕನ್ನಡಿಗರು ಟಿಕೆಟ್ ತೆಗೆದು ಥಿಯೇಟರಿನಲ್ಲಿ ನೋಡಿದ ಸಾಕ್ಷ್ಯಚಿತ್ರ ಮತ್ತೊಂದು ನನಗೆ ನೆನಪಾಗುತ್ತಿಲ್ಲ. ಅದನ್ನು ನೋಡಿ ಅತ್ತವರಲ್ಲಿ ನಾನೂ ಒಬ್ಬಳು. ಆದರೂ ಅದರಲ್ಲಿ ಕರ್ನಾಟಕ ಎಂದರೆ ಹೆಚ್ಚಾಗಿ ಹಸಿರು, ಹೊಳೆ, ಕಡಲು. ಜನ ದಾರಿಯಲ್ಲಿ ಸಿಕ್ಕವರು.

ಕರಿನೆಲದ, ಬಂಡೆಯ, ತೊಗರಿ ಹತ್ತಿಯ ನಮ್ಮ ಸೀಮೆ ಪರದೆಯ ಮೇಲೆ ಬರುವುದು ಮೂರು ಸಂದರ್ಭಗಳಲ್ಲಿ. ಹೊಳೆ ಬಂದಾಗ, 2009ರಲ್ಲಿ ಬಂದ ಹಾಗೆ. ಬೇಸಿಗೆಯಲ್ಲಿ ಗುಳೆ ಹೊರಟಾಗ. ಮತ್ತೆ ಜಾತ್ರೆಯಾದಾಗ. ನಮ್ಮೂರಿನ ವಿಶ್ವಾರಾಧ್ಯರ ಮಠದ ತೇರು ಎಳೆಯುವುದನ್ನು ಟಿವಿಯಲ್ಲಿ ಮೇಲಿನಿಂದ, ಈಗೀಗ ಡ್ರೋನಿನಿಂದ ತೋರಿಸುತ್ತಾರೆ; ತಲೆಗಳ ಸಮುದ್ರ ಕಾಣುತ್ತದೆ, ಒಂದು ಮುಖವೂ ಕಾಣುವುದಿಲ್ಲ. ಗುಳೆಯ ವರದಿಗಂತೂ ಒಂದು ಅಚ್ಚೇ ಇದೆ: ಬಸ್ ನಿಲ್ದಾಣದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಪಾತ್ರೆ, ಬೀಗ ಹಾಕಿದ ಮನೆ, ಕಟ್ಟೆಯ ಮೇಲೆ ಒಬ್ಬ ಮುದುಕಿ, ಹಿಂದೆ ಕೊಳಲು. ಕೊಳಲು ಯಾಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ, ನಮ್ಮ ಕಡೆ ಗುಳೆ ಹೋಗುವ ದಿನ ಕೇಳುವುದು ಬೈಗುಳ, ನಗು, ಮೊಬೈಲಿನ ಹಾಡು. ಮುದುಕಿಗೆ ಒಂದೇ ಪ್ರಶ್ನೆ, "ಮಕ್ಕಳು ಬಿಟ್ಟು ಹೋದ್ರಾ ಅಜ್ಜಿ?" ಅವಳು ಕಣ್ಣೊರೆಸಿದರೆ ವರದಿ ಮುಗಿಯಿತು. ಬೆಂಗಳೂರಿನ ಶೆಡ್ಡಿನಲ್ಲಿ ಮಗ ಗಾರೆ ಕೆಲಸದಲ್ಲಿ ಎಷ್ಟು ಪಳಗಿದ್ದಾನೆ, ಮೇಸ್ತ್ರಿಯ ಹತ್ತಿರ ಮುಂಗಡ ಎಷ್ಟಿದೆ, ಬಂದ ದುಡ್ಡಿನಲ್ಲಿ ಮೊದಲು ಮನೆಗೆ ಸ್ಲ್ಯಾಬ್ ಹಾಕಿಸುವುದೋ ತಂಗಿಯ ಮದುವೆಯೋ ಎಂಬ ಜಗಳ ಹೇಗೆ ನಡೆಯಿತು, ಇದು ಯಾವುದನ್ನೂ ಅವಳನ್ನು ಕೇಳುವುದಿಲ್ಲ. ಅವಳಿಗೆ ಎಲ್ಲವೂ ಗೊತ್ತಿರುತ್ತದೆ.

ದಿನನಿತ್ಯದ ಬದುಕು ಎಂದು ಸಾಕ್ಷ್ಯಚಿತ್ರಗಳ ಪರಿಚಯಗಳಲ್ಲಿ ಬರೆಯುವುದು ಇದನ್ನೇ. ಆದರೆ ದಿನನಿತ್ಯ ಎಂಬುದು ಒಂದು ದಿನ ಬಂದು ಹೋಗುವವರಿಗೆ ಸಿಗುವ ವಸ್ತುವಲ್ಲ. ಅದಕ್ಕೆ ಅಲ್ಲಿ ಇರಬೇಕು, ಇರಲು ಅಲ್ಲಿಯವರು ಬಿಡಬೇಕು. ಈ ಎರಡೂ ಆದ ಒಂದು ಚಿತ್ರ ಕರ್ನಾಟಕದ ನೆಲದಲ್ಲೇ ಇದೆ. ಕನ್ನಡದಲ್ಲಿ ಸಾಕ್ಷ್ಯಚಿತ್ರದ ಮಾತು ಬಂದಾಗ ಅದರ ಹೆಸರು ಕೇಳಿಬರುವುದು ಕಡಿಮೆ, ಯಾಕೆಂದರೆ ಅದರ ಜನ ಆಡುವುದು ಮರಾಠಿ.

1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಸೇರಿ 'ಯುಗಾಂತರ್' ಎಂಬ ಬಳಗ ಕಟ್ಟಿಕೊಂಡರು. ಭಾರತದಲ್ಲಿ ಸ್ತ್ರೀವಾದಿ ಸಿನಿಮಾ ಬಳಗ ಎಂದು ಗುರುತಿಸುವವುಗಳಲ್ಲಿ ಅದು ಮೊದಲಿನದು. ಮೂರು ವರ್ಷಗಳಲ್ಲಿ ನಾಲ್ಕು ಚಿತ್ರ ಮಾಡಿದರು. ಮೊದಲನೆಯದು ಪುಣೆಯ ಮನೆಗೆಲಸದ ಹೆಂಗಸರ ಬಗ್ಗೆ, 'ಮೋಲ್ಕರಿಣ್'. ಎರಡನೆಯದು 1982ರ 'ತಂಬಾಕು ಚಾಕಿಲಾ ಊಬ್ ಆಲಿ', ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಯ ಹೆಂಗಸರ ಬಗ್ಗೆ. ನಿಪ್ಪಾಣಿ ಎಂದರೆ ನಮಗೆ ನೆನಪಾಗುವುದು ಗಡಿ ತಂಟೆ, ಇಲ್ಲವೇ 1981ರ ಏಪ್ರಿಲ್‌ನಲ್ಲಿ ತಂಬಾಕು ಬೆಳೆಗಾರರ ಚಳವಳಿಯ ಮೇಲೆ ನಡೆದ ಗೋಲಿಬಾರ್. ರೈತರು ಬೆಳೆದ ತಂಬಾಕು ಬೀಡಿಗೆ ಹೋಗುವ ಮೊದಲು ಕಾರ್ಖಾನೆಯಲ್ಲಿ ಹದವಾಗಬೇಕು. ಆ ಕೆಲಸ ಹೆಂಗಸರದು. ಬೆಲೆ ಕೇಳಿದ ಬೆಳೆಗಾರನ ಹೆಸರು ಇತಿಹಾಸದಲ್ಲಿ ಸೇರಿತು, ಅದೇ ಸೊಪ್ಪಿನ ಧೂಳು ಕುಡಿದವಳ ಹೆಸರು ಸೇರಲಿಲ್ಲ. ಚಿತ್ರ ಹಿಡಿದಿರುವುದು ಅವಳನ್ನು.

ಬಳಗದವರು ನಿಪ್ಪಾಣಿಯ ಹೆಂಗಸರ ಜತೆ ಸುಮಾರು ನಾಲ್ಕು ತಿಂಗಳು ಕಳೆದರು. ಇಪ್ಪತ್ತೈದು ನಿಮಿಷದ ಚಿತ್ರಕ್ಕೆ ನಾಲ್ಕು ತಿಂಗಳು. ಏನನ್ನು ತೋರಿಸಬೇಕು, ಮಾಲೀಕರ ಕಣ್ಣು ತಪ್ಪಿಸಿ ಕಾರ್ಖಾನೆಯೊಳಗೆ ಹೇಗೆ ಚಿತ್ರೀಕರಿಸಬೇಕು ಎಂಬುದು ಹೆಂಗಸರ ಜತೆಗಿನ ಚರ್ಚೆಯಲ್ಲೇ ತೀರ್ಮಾನವಾಯಿತು. ಇದನ್ನು ಹೊರಗಿನ ಮಾಹಿತಿಯಾಗಿ ಹೇಳುತ್ತಿಲ್ಲ; ಚಿತ್ರದೊಳಗೇ ಇದರ ಗುರುತಿದೆ. ಹಿನ್ನೆಲೆಯಲ್ಲಿ ಕೇಳುವುದು ತಜ್ಞರ ದನಿಯಲ್ಲ, ಆ ಹೆಂಗಸರದೇ. ಅವರು 'ನಾವು' ಎಂದೇ ಮಾತಾಡುತ್ತಾರೆ. ಕಾರ್ಖಾನೆಯ ಒಳಗಿನ ಧೂಳು ಕಾಣುವಾಗ ಅದನ್ನು ವಿವರಿಸುವ ಬಾಯಿ ಆ ಧೂಳನ್ನು ನುಂಗಿದ ಬಾಯಿಯೇ. ಸಭೆಯ ದೃಶ್ಯಗಳಲ್ಲಿ ಕ್ಯಾಮೆರಾ ವೇದಿಕೆಗಿಂತ ಕೂತವರ ಕಡೆಗೆ ಹೆಚ್ಚು ಮನಸ್ಸು ಕೊಟ್ಟಿದೆ. ನವ್ರೋಜ್ ಅವರು ಮಣಿ ಕೌಲ್ ಅವರ 'ದುವಿಧಾ'ಕ್ಕೆ ಕ್ಯಾಮೆರಾ ಹಿಡಿದವರು, ಚೆಂದದ ಚಿತ್ರ ತೆಗೆಯುವುದು ಅವರಿಗೆ ಕಷ್ಟದ ಕೆಲಸವಾಗಿರಲಿಲ್ಲ. ಇಲ್ಲಿ ಆ ಚೆಂದವನ್ನು ಅವರು ಹತೋಟಿಯಲ್ಲಿಟ್ಟಿದ್ದಾರೆ. ಬಡವರ ಮುಖವನ್ನು ಬೆಳಕಿನಲ್ಲಿ ಅದ್ದಿ ತೆಗೆಯುವ ಚಟ ಇವತ್ತಿನ ಸಾಕ್ಷ್ಯಚಿತ್ರಗಳಲ್ಲಿ ಎಷ್ಟಿದೆ ಎಂದು ನೋಡಿದವರಿಗೆ ಆ ಹತೋಟಿಯ ಬೆಲೆ ಗೊತ್ತಾಗುತ್ತದೆ.

ಹೋದ ವರ್ಷ ಊರಿಗೆ ಹೋದಾಗ ಈ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಅವ್ವನಿಗೆ ತೋರಿಸಿದೆ. ಅವಳಿಗೆ ಮರಾಠಿ ಬರುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ನಾನು ಓದಿ ಹೇಳಬೇಕಿತ್ತು. ಐದು ನಿಮಿಷಕ್ಕೆ ಅವಳೇ ನನ್ನನ್ನು ಸುಮ್ಮನಿರಿಸಿದಳು. "ಜಿನ್ನಿಂಗಿನಾಗ ನಾವು ಮೂಗಿಗಿ ಸೆರಗ ಕಟಗೊಂಡು ನಿಂದರತಿದ್ವಿ ಬೇ. ಮನಿಗಿ ಬಂದು ಸೀನಿದ್ರ ಹತ್ತಿನೇ ಬರ್ತಿತ್ತು" ಎಂದಳು. ನಾನು ಹುಟ್ಟುವ ಮೊದಲು ಅವಳು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಎರಡು ಸುಗ್ಗಿ ದುಡಿದಿದ್ದಳು ಎಂಬುದು ನನಗೆ ತಿಳಿದದ್ದು ಆಗ. ಚಿತ್ರ ಮುಗಿದ ಮೇಲೆ ಅವಳು ಕೇಳಿದ ಪ್ರಶ್ನೆ ಬೇರೆ. "ಇವ್ರು ಇಷ್ಟ ಜೋರ್ ಮಾತಾಡ್ಯಾರ, ಮನಿಗಿ ಹೋದಮ್ಯಾಲ ಗಂಡಂದ್ರು ಏನಂದ್ರು?"

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈ ಚಿತ್ರದ ಬಗ್ಗೆ ಓದಿಲ್ಲ. 'ನಾವು' ಎಂಬ ದನಿ ಚಿತ್ರದ ಬಲ, ಅದರ ಮಿತಿ ಕೂಡ ಅದೇ. ಇಪ್ಪತ್ತೈದು ನಿಮಿಷದಲ್ಲಿ ಒಬ್ಬೊಬ್ಬಳ ಮನೆ, ಅವಳ ಜಾತಿ, ಅವಳೊಬ್ಬಳದೇ ಭಯ ಇವಕ್ಕೆ ಸಿಗುವ ಜಾಗ ಸಣ್ಣದು. ಮುಷ್ಕರಕ್ಕೆ ಒಂದೇ ಗಂಟಲು ಬೇಕು, ಸರಿ. ಬದುಕಿಗೆ ಹಲವು ಗಂಟಲಿವೆ. ಬಳಗಕ್ಕೂ ಇದು ಹೊಳೆದಿರಬೇಕು. ಮರುವರ್ಷ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜತೆ ಸೇರಿ ತೆಲುಗಿನಲ್ಲಿ ಮಾಡಿದ 'ಇದಿ ಕಥ ಮಾತ್ರಮೇನಾ' ನೇರವಾಗಿ ಮನೆಯೊಳಗೆ, ಗಂಡ ಹೆಂಡಿರ ನಡುವಿನ ಹೊಡೆತದ ಕಡೆಗೆ ಹೋಗುತ್ತದೆ. ಅದನ್ನು ಅವರು ಆಡಿ ತೋರಿಸಬೇಕಾಯಿತು. ಅಂಥ ಗಳಿಗೆಯಲ್ಲಿ ಕ್ಯಾಮೆರಾ ಅಲ್ಲಿರಲು ಸಾಧ್ಯವಿಲ್ಲವಲ್ಲ. ಈ ಚಿತ್ರಗಳು ಬಹಳ ಕಾಲ ಕಣ್ಣಿಗೆ ಬೀಳದಂತಿದ್ದು, ಬರ್ಲಿನ್‌ನ ಆರ್ಸೆನಲ್ ಸಂಸ್ಥೆಯ ಮೂಲಕ ಡಿಜಿಟಲ್ ಆಗಿ ಮರಳಿ ಬಂದಿವೆ. ನಿಪ್ಪಾಣಿಯ ಹೆಂಗಸರು ಬರ್ಲಿನ್ನಿನಿಂದ ಯಾದಗಿರಿಗೆ ಬರಬೇಕಾದ್ದು ನಮ್ಮ ಚಿತ್ರಸಂಗ್ರಹಗಳ ಸ್ಥಿತಿಗೆ ಸಾಕ್ಷಿ. ನವ್ರೋಜ್ 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಈ ಕೆಲಸದ ಬಗ್ಗೆ ನಾನು ಕನ್ನಡದಲ್ಲಿ ಓದಿದ್ದು ತೀರ ಕಡಿಮೆ.

ಈಗ ಆಸ್ಟ್ರೇಲಿಯಾಕ್ಕೆ ಬರುತ್ತೇನೆ. ನಿಪ್ಪಾಣಿಯ ಚಿತ್ರ ತಯಾರಾದ ಹೊತ್ತಿಗೇ, ಅದೇ ಪ್ರಶ್ನೆ ಇಟ್ಟುಕೊಂಡು, ಇನ್ನೂ ಮುಂದೆ ಹೋದ ಒಂದು ಚಿತ್ರ ಅಲ್ಲಿ ಬಂತು: 'ಟು ಲಾಸ್', ಅಂದರೆ ಎರಡು ಕಾನೂನು. ಉತ್ತರ ಪ್ರಾಂತ್ಯದ ಕಡಲ ಕಡೆಗಿರುವ ಬೊರೊಲೂಲಾ ಎಂಬ ಸಣ್ಣ ಊರಿನ ಮೂಲನಿವಾಸಿ ಸಮುದಾಯ ಕ್ಯಾರೊಲಿನ್ ಸ್ಟ್ರಾಚನ್, ಅಲೆಸ್ಸಾಂಡ್ರೊ ಕವಾಡಿನಿ ಎಂಬಿಬ್ಬರ ಜತೆ ಸೇರಿ ಮಾಡಿದ್ದು. ಎರಡು ಗಂಟೆಗೂ ಹೆಚ್ಚಿನ ಚಿತ್ರ, ನಾಲ್ಕು ಭಾಗ: ಪೊಲೀಸರ ಕಾಲ, 'ಕಲ್ಯಾಣ' ಇಲಾಖೆಯ ಕಾಲ, ನೆಲಕ್ಕಾಗಿ ಹೋರಾಟ, ಕೊನೆಗೆ ಎರಡೂ ಕಾನೂನಿನ ನಡುವಿನ ಬದುಕು. 'ವೆಲ್ಫೇರ್' ಎಂಬುದನ್ನು ಕಲ್ಯಾಣ ಎಂದು ಕನ್ನಡಕ್ಕೆ ತರುವಾಗ ನನ್ನ ಕೈ ಒಂದು ಗಳಿಗೆ ತಡೆಯಿತು.

ಉತ್ತರ ಪ್ರಾಂತ್ಯದಲ್ಲಿ ಮೂಲನಿವಾಸಿಗಳಿಗೆ ನೆಲದ ಹಕ್ಕು ಕೊಡುವ ಕಾಯ್ದೆ ಬಂದದ್ದು 1976ರಲ್ಲಿ. ಅದರಡಿ ಮೊದಲು ವಿಚಾರಣೆಗೆ ಬಂದ ದಾವೆ ಬೊರೊಲೂಲಾದವರದು. ನೆಲ ನಮ್ಮದು ಎಂದು ಬಿಳಿಯರ ಕಾನೂನಿನ ಮುಂದೆ ಸಾಕ್ಷಿ ಹೇಳಿ ಬಂದ ಜನ ಅವರು. ಆ ಸಾಕ್ಷಿ ಹೇಳುವ ಕ್ರಮ ತಮ್ಮದಲ್ಲ ಎಂಬುದೂ ಅವರಿಗೆ ಅಲ್ಲೇ ಮನದಟ್ಟಾಗಿತ್ತು. ಅವರಲ್ಲಿ ಒಬ್ಬರು ಮಾತಾಡುವಾಗ ಆ ಮಾತಿಗೆ, ಆ ನೆಲಕ್ಕೆ ಸಂಬಂಧಪಟ್ಟವರು ಪಕ್ಕದಲ್ಲಿ ಕೂತಿರಬೇಕು. ಇಲ್ಲದಿದ್ದರೆ ಮಾತಿಗೆ ಅಧಿಕಾರವಿಲ್ಲ. ಹಾಗಾಗಿ ಚಿತ್ರ ಮಾಡುವಾಗ ಲೆನ್ಸಿನ ಆಯ್ಕೆಯೇ ಸಮುದಾಯದ ತೀರ್ಮಾನವಾಯಿತು. ಅಗಲ ನೋಟದ ಲೆನ್ಸು ಬಳಸಿದರು, ಕ್ಯಾಮೆರಾವನ್ನು ಕೂತವರ ವರ್ತುಲದೊಳಗೆ ಇಟ್ಟರು. ನಾವು ಟಿವಿಯಲ್ಲಿ ನೋಡಿ ಒಗ್ಗಿದ ಹತ್ತಿರದ ಮುಖ, ತುಂಬಿ ಬಂದ ಕಣ್ಣು ಇಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಮೊದಲ ಹತ್ತು ನಿಮಿಷ ಇದು ಬೇಸರ ತರಿಸುತ್ತದೆ. ಆಮೇಲೆ ಕಣ್ಣು ಪಕ್ಕದವರ ಕಡೆಗೆ ಹೋಗತೊಡಗುತ್ತದೆ. ಯಾರು ತಲೆಯಾಡಿಸಿದರು, ಯಾರು ನೆಲ ನೋಡಿದರು ಎಂದು. ಮುಖವನ್ನು ಹತ್ತಿರದಿಂದ ತೋರಿಸುವುದು ಸಹಾನುಭೂತಿ ಎಂದು ನಮಗೆ ಕಲಿಸಿದ್ದಾರೆ. ಸಾಕ್ಷಿಯನ್ನು ಪಕ್ಕದವರಿಂದ ಕತ್ತರಿಸುವುದೂ ಅದೇ ಎಂದು ಈ ಚಿತ್ರ ನೋಡಿದ ಮೇಲೆ ಅನ್ನಿಸಿತು.

ಮೊದಲ ಭಾಗದಲ್ಲಿ 1933ರಲ್ಲಿ ಪೊಲೀಸರು ಜನರನ್ನು ಹಿಡಿದು ಹೊಡೆದು ನಡೆಸಿಕೊಂಡು ಹೋದ ಘಟನೆ ಇದೆ. ಅದನ್ನು ಊರವರೇ ಆಡಿ ತೋರಿಸುತ್ತಾರೆ. ಆಡುವ ಮೊದಲಿನ ಸಿದ್ಧತೆ, ಹೀಗೆ ಮಾಡು ಹಾಗೆ ಮಾಡು ಎಂಬ ಸೂಚನೆ, ಎಲ್ಲವೂ ಚಿತ್ರದಲ್ಲಿ ಉಳಿದಿವೆ. ಇಂಗ್ಲಿಷ್ ವಿಮರ್ಶಕರು ಇಲ್ಲಿ ಬ್ರೆಕ್ಟನನ್ನು ಕರೆತರುತ್ತಾರೆ. ನಮ್ಮ ಕಡೆ ಬಯಲಾಟ ನೋಡಿದವರಿಗೆ ಬ್ರೆಕ್ಟ್ ಬೇಕಿಲ್ಲ. ರಾಕ್ಷಸನ ವೇಷದಲ್ಲಿರುವವನು ಬಡಿಗೇರ ಓಣಿಯವನು ಎಂದು ಎಲ್ಲರಿಗೂ ಗೊತ್ತು, ನಡುವೆ ಅವನು ಕಿರೀಟ ಸರಿಮಾಡಿಕೊಳ್ಳುತ್ತಾನೆ, ಮತ್ತೆ ಗರ್ಜಿಸಿದರೆ ಮಕ್ಕಳು ಹೆದರುತ್ತವೆ. ಗೊತ್ತಿದ್ದೂ ಹೆದರುವುದು ಸಾಧ್ಯ. ಹಾಗೆಯೇ, ಇದು ಆಟವೆಂದು ಗೊತ್ತಿದ್ದೂ ಆ ಹೊಡೆತ ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಾಕ್ಷಿಯನ್ನು ಪಕ್ಕದವರಿಂದ ಕತ್ತರಿಸಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಗಡಿಯಲ್ಲೇ ಉದಾಹರಣೆ ಇದೆ. 2010ರಲ್ಲಿ ವೈಸ್ ಸಂಸ್ಥೆ 'ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್' ಎಂಬ ಸರಣಿಯನ್ನು ಇಂಟರ್ನೆಟ್ಟಿಗೆ ಹಾಕಿತು. ಉತ್ತರ ಕರ್ನಾಟಕದ ದೇವದಾಸಿ ಪದ್ಧತಿಯ ಮೇಲೆ ಮಾಡಿದ್ದು. ಶೀರ್ಷಿಕೆಯೇ ಸಾಕು, ಚಿತ್ರ ಯಾರ ಕಣ್ಣಿಗಾಗಿ ತಯಾರಾಯಿತೆಂದು ತಿಳಿಯಲು. ಚಿತ್ರದಲ್ಲಿ ಕಾಣಿಸಿಕೊಂಡವರಲ್ಲಿ ಸಾಂಗ್ಲಿಯ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್'ನ ಹೆಂಗಸರೂ ಇದ್ದರು. ಅವರು ಆ ಚಿತ್ರ ನೋಡಿ ಸುಮ್ಮನಾಗಲಿಲ್ಲ. ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರ ಕೊಟ್ಟ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದರು: ನಮ್ಮ ಮಾತನ್ನು ತಿರುಚಿದ್ದೀರಿ, ನಮ್ಮನ್ನು ನಗೆಗೀಡು ಮಾಡಿದ್ದೀರಿ ಎಂದು. ಆ ಉತ್ತರದ ವಿಡಿಯೊದಲ್ಲಿ ಕಲೆಗಾರಿಕೆ ಇಲ್ಲ, ಬೆಳಕು ಸರಿಯಿಲ್ಲ. ಸಾಕ್ಷ್ಯಚಿತ್ರವಾಗಿ ಅದು ಮೂಲ ಸರಣಿಗಿಂತ ಮೇಲು ಎಂದು ನಾನು ತರಗತಿಯಲ್ಲೂ ವಾದಿಸಿದ್ದೇನೆ. ಮೂಲದಲ್ಲಿ ಆ ಹೆಂಗಸರು ಉತ್ತರ ಕೊಡುವವರಷ್ಟೇ. ಇಲ್ಲಿ ಪ್ರಶ್ನೆ ಅವರದು.

ಹಾಗಾದರೆ ಒಪ್ಪಿಗೆ ಪಡೆದು, ಸಮುದಾಯದ ಜತೆ ಕೂತು ಮಾಡಿದ ಚಿತ್ರವೆಲ್ಲ ಒಳ್ಳೆಯದು, ಉಳಿದದ್ದು ಕೆಟ್ಟದ್ದು ಎನ್ನೋಣವೇ? ಅಷ್ಟು ಸುಲಭವಿದ್ದರೆ ವಿಮರ್ಶೆಯ ಕೆಲಸವನ್ನು ವಕೀಲರಿಗೇ ಬಿಡಬಹುದಿತ್ತು. ಡೆನಿಸ್ ಒ'ರೂರ್ಕ್ ಅವರ 'ಕುನ್ನಮುಲ್ಲ' (2000) ನನ್ನನ್ನು ಇಲ್ಲಿ ಕಾಡುತ್ತದೆ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಒಂದು ಸಣ್ಣ ಊರು, ರೈಲು ಹಳಿ ಅಲ್ಲಿಗೇ ಮುಗಿಯುತ್ತದೆ. ಟ್ಯಾಕ್ಸಿ ಓಡಿಸುವವನ ಹೆಂಡತಿ ಊರವರ ಬಗ್ಗೆ ಆಡುವ ಚಾಡಿ, ಕೆಲಸವಿಲ್ಲದ ಹುಡುಗರು, ಒಂಟಿ ಮುದುಕರು, ಬಿಳಿಯರೂ ಮೂಲನಿವಾಸಿಗಳೂ ಒಂದೇ ಬೀದಿಯಲ್ಲಿದ್ದೂ ಬೇರೆ ಬೇರೆ ಇರುವುದು. ಆ ಟ್ಯಾಕ್ಸಿಯವನ ಹೆಂಡತಿ ನಮ್ಮ ಓಣಿಯಲ್ಲಿ ಸಂಜೆ ಕಟ್ಟೆಗೆ ಬಂದು ಕೂರುವ ಯಾವ ದೊಡ್ಡವ್ವನಿಗೂ ಕಮ್ಮಿಯಿಲ್ಲ. ದಿನನಿತ್ಯದ ಬದುಕು ಇಷ್ಟು ದಟ್ಟವಾಗಿ ಬಂದ ಚಿತ್ರ ಕಡಿಮೆ. ಅದೇ ಚಿತ್ರದಲ್ಲಿ ಇಬ್ಬರು ಹದಿಹರೆಯದ ಹುಡುಗಿಯರು ತಮ್ಮ ಲೈಂಗಿಕ ಅನುಭವದ ಬಗ್ಗೆ ಮಾತಾಡಿದ್ದಾರೆ. ದಾರಿತಪ್ಪಿಸಿ ಮಾತಾಡಿಸಿದರು ಎಂಬ ಆಕ್ಷೇಪ ಎದ್ದು ನ್ಯಾಯಾಲಯದವರೆಗೂ ಹೋಯಿತು. ಒಂದು ಸಣ್ಣ ಊರಿನಲ್ಲಿ ಆ ಮಾತು ಪರದೆಯ ಮೇಲೆ ಬಂದ ಮರುದಿನ ಆ ಹುಡುಗಿಯರು ಅಂಗಡಿಗೆ ಹೇಗೆ ಹೋಗಬೇಕು? ನಿರ್ದೇಶಕ ಊರು ಬಿಟ್ಟು ಹೋಗುತ್ತಾನೆ, ಅವರು ಅಲ್ಲೇ ಇರುತ್ತಾರೆ. ಅವ್ವ ನಿಪ್ಪಾಣಿಯ ಹೆಂಗಸರ ಬಗ್ಗೆ ಕೇಳಿದ್ದು ಇದೇ ಪ್ರಶ್ನೆ. ಕುನ್ನಮುಲ್ಲ ಒಳ್ಳೆಯ ಚಿತ್ರ, ಅದರಲ್ಲಿ ಆ ಭಾಗ ಇರಬಾರದಿತ್ತು. ಈ ಎರಡೂ ಮಾತನ್ನು ಒಟ್ಟಿಗೆ ಹೇಳಲು ನಾನು ಸಿದ್ಧ, ಒಂದರಿಂದ ಇನ್ನೊಂದನ್ನು ಅಳಿಸಲು ಆಗುತ್ತಿಲ್ಲ.

ನಮ್ಮ ಜಿಲ್ಲೆಯ ಮೇಷ್ಟ್ರುಗಳಿಗೆ ನಾನು ಮೊದಲು ತೋರಿಸಬೇಕೆನ್ನುವ ಚಿತ್ರ ಮಾತ್ರ ಬೇರೆ. ಮಾಯಾ ನ್ಯೂವೆಲ್ ಅವರ 2019ರ 'ಇನ್ ಮೈ ಬ್ಲಡ್ ಇಟ್ ರನ್ಸ್'. ಆಲಿಸ್ ಸ್ಪ್ರಿಂಗ್ಸ್‌ನ ಹತ್ತು ವರ್ಷದ ಡುಜುವಾನ್ ಎಂಬ ಮೂಲನಿವಾಸಿ ಹುಡುಗ ಅದರ ನಡುವೆ ಇದ್ದಾನೆ. ಅವನಿಗೆ ಮನೆಯ ಭಾಷೆಗಳು ಬರುತ್ತವೆ, ಇಂಗ್ಲಿಷ್ ಬರುತ್ತದೆ, ಅವನ ಕೈಗುಣದಲ್ಲಿ ವಾಸಿ ಮಾಡುವ ಶಕ್ತಿ ಇದೆ ಎಂದು ಹಿರಿಯರು ನಂಬುತ್ತಾರೆ. ಶಾಲೆಯಲ್ಲಿ ಅವನು ದಡ್ಡ. ತರಗತಿಯಲ್ಲಿ ಟೀಚರ್ ಆಸ್ಟ್ರೇಲಿಯಾದ ಇತಿಹಾಸದ ಪುಸ್ತಕ ಹಿಡಿದು, ಇದು ಕತೆಯಲ್ಲ, ಮಾಹಿತಿ ಎಂಬ ಅರ್ಥದ ಮಾತು ಹೇಳುತ್ತಾರೆ. ಅವನ ಅಜ್ಜಿಯರು ಹೇಳಿದ್ದು ಕತೆ, ಪುಸ್ತಕದಲ್ಲಿರುವುದು ನಿಜ. ಕ್ಯಾಮೆರಾ ಟೀಚರನ್ನು ಖಳನಾಯಕಿ ಮಾಡುವುದಿಲ್ಲ, ಹುಡುಗನ ಕಣ್ಣಿನ ಎತ್ತರದಲ್ಲಿ ಸುಮ್ಮನೆ ಕೂತಿರುತ್ತದೆ. ಶಾಲೆ ತಪ್ಪಿಸಿದರೆ ಪೊಲೀಸರು, ಪೊಲೀಸರಾದ ಮೇಲೆ ಬಾಲಬಂಧನ ಕೇಂದ್ರ ಎಂಬ ದಾರಿ ಅಲ್ಲಿನ ಮಕ್ಕಳಿಗೆ ಎಷ್ಟು ಹತ್ತಿರದ್ದು ಎಂಬುದು ಮನೆಯವರ ಭಯದಿಂದಲೇ ತಿಳಿಯುತ್ತದೆ. ಕುಟುಂಬದವರ ಹೆಸರುಗಳು ಸಹನಿರ್ದೇಶಕರ ಸಾಲಿನಲ್ಲಿವೆ. 2019ರಲ್ಲಿ ಆ ಹುಡುಗ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಮುಂದೆಯೂ ಮಾತಾಡಿದ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆಗೆ ಕೊನೆಯ ಸ್ಥಾನ. ಆ ದಿನ ಟಿವಿಯಲ್ಲಿ ಬಂದದ್ದು ಪಟ್ಟಿ. ತಾಂಡಾದಲ್ಲಿ ಲಂಬಾಣಿ, ಓಣಿಯಲ್ಲಿ ಉರ್ದು, ಗುರುಮಠಕಲ್ ಕಡೆ ತೆಲುಗು, ಮನೆಯಲ್ಲಿ 'ಬರಲಾಕತ್ತೀನ್ರಿ' ಎನ್ನುವ ಕನ್ನಡ, ಇವೆಲ್ಲದರ ನಡುವೆ ಓಡಾಡುವ ಮಗು ಪಠ್ಯಪುಸ್ತಕದ ಕನ್ನಡದ ಮುಂದೆ ಬಾಯಿ ಮುಚ್ಚಿಕೊಳ್ಳುವುದನ್ನು ನಾನು ಓದುವಾಗಲೂ ನೋಡಿದ್ದೇನೆ, ಪಾಠ ಮಾಡುವಾಗಲೂ ನೋಡಿದ್ದೇನೆ. ಹತ್ತಿ ಬಿಡಿಸುವ ಸುಗ್ಗಿಗೆ ಶಾಲೆ ಬಿಟ್ಟು ಹೋಗಿ ಮತ್ತೆ ಬರುವ ಹುಡುಗಿ ಗೈರುಹಾಜರಿ ಪುಸ್ತಕದಲ್ಲಿ ಒಂದು ಗೀಟು. ಆ ಹುಡುಗಿಯ ಕಣ್ಣಿನ ಎತ್ತರದಲ್ಲಿ ಒಂದು ವರ್ಷ ಕೂರುವ ಚಿತ್ರ ನಮಗೆ ಬೇಕು. ಪಟ್ಟಿಯಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಡುಜುವಾನನನ್ನು ಆ ದಾರಿಯಿಂದ ತಪ್ಪಿಸಲು ಮನೆಯವರು ಅವನನ್ನು ಅಪ್ಪನ ಊರಿಗೆ ಕಳಿಸುತ್ತಾರೆ. ಆ ಊರು ಬೊರೊಲೂಲಾ. 'ಟು ಲಾಸ್' ಚಿತ್ರದಲ್ಲಿ ವರ್ತುಲವಾಗಿ ಕೂತು ಪೊಲೀಸರ ಕಾಲದ ಬಗ್ಗೆ ಸಾಕ್ಷಿ ಹೇಳಿದವರ ಊರು. ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿದ ನನಗೆ, ಅಷ್ಟು ವರ್ಷಗಳ ಹಿಂದೆ ಆ ಅಗಲ ಲೆನ್ಸಿನ ಅಂಚಿನಲ್ಲಿ ಕೂತಿದ್ದ ಮಕ್ಕಳಲ್ಲಿ ಯಾರಾದರೂ ಇವನ ಬಳಗದವರಿದ್ದಾರೆಯೇ ಎಂದು ಮತ್ತೆ ಹಿಂದಕ್ಕೆ ಹೋಗಿ ಹುಡುಕುವ ಆಸೆಯಾಯಿತು. ಸಿಗುವುದಿಲ್ಲ ಎಂದು ಗೊತ್ತಿದ್ದೂ ಹುಡುಕಿದೆ.

ನಮ್ಮಲ್ಲಿ ಇಂಥದ್ದು ಯಾರು ಮಾಡುತ್ತಾರೆ ಎಂದು ಗೆಳೆಯರು ಕೇಳುತ್ತಾರೆ, ದುಡ್ಡು ಎಲ್ಲಿಂದ ಎಂದೂ ಕೇಳುತ್ತಾರೆ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರನ್ನು ನಮ್ಮ ಜಿಲ್ಲೆಯ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದಾಗ ಹೊರಗಿನ ಕ್ಯಾಮೆರಾಗಳಿಗೆ ಅವರು ಪ್ರತಿದಿನದ ಸಂಖ್ಯೆ. ಒಳಗಿನಿಂದ ನನ್ನ ವಾಟ್ಸ್‌ಆ್ಯಪಿಗೆ ಬರುತ್ತಿದ್ದ ವಿಡಿಯೊಗಳಲ್ಲಿ ಕಪ್ಪುಹಲಗೆಯ ಕೆಳಗೆ ಮಲಗಿದ ಸಂಸಾರಗಳಿದ್ದವು, ಬೆಂಚು ಜೋಡಿಸಿ ಮಾಡಿಕೊಂಡ ಅಡ್ಡಗೋಡೆಗಳಿದ್ದವು, ತಾನು ಓದು ಬಿಟ್ಟ ಶಾಲೆಗೆ ಹೀಗೆ ಬಂದೆನಲ್ಲ ಎಂದು ನಗುವ ಒಬ್ಬನಿದ್ದ. ನನ್ನ ಸೋದರಮಾವನ ಮಗ ಈಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಗಾರೆ ಕೆಲಸ ಮಾಡುತ್ತಾನೆ. ವಾರಕ್ಕೊಮ್ಮೆ ಒಂದು ವಿಡಿಯೊ ಕಳಿಸುತ್ತಾನೆ. ಹೋದ ವಾರದ್ದು ನಲವತ್ತು ಸೆಕೆಂಡಿನದು. ಹದಿನಾಲ್ಕನೆಯ ಮಹಡಿಯಲ್ಲಿ ಗೋಡೆಗೆ ಗಿಲಾವು ಹಾಕುತ್ತಿರುವ ಜೋಡಿದಾರನ ಕೈ, ಸಿಮೆಂಟಿನ ಬೋಗಾಣಿ, ಹಿಂದೆ ತೊಗರಿ ಈ ಸಲ ಎಷ್ಟಕ್ಕೆ ಹೋಯಿತು ಎಂದು ಇಬ್ಬರೂ ಆಡುವ ಮಾತು. ಕೊನೆಯ ಹತ್ತು ಸೆಕೆಂಡಿಗೆ ಅವನು ಸಿನಿಮಾ ಹಾಡು ಹಾಕಿ ಮಾತನ್ನು ಮುಚ್ಚಿಬಿಟ್ಟಿದ್ದಾನೆ. ಹಾಡು ತೆಗೆದು ಹಾಕು, ಮಾತು ಕೇಳಲಿ ಎಂದು ನಾನು ಮೆಸೇಜ್ ಮಾಡಿದೆ. "ಮಾತಿನಾಗ ಏನದ ಅಕ್ಕಾ?" ಎಂದು ಅವನ ಉತ್ತರ ಬಂತು. ಮುಂದಿನ ವಾರದ್ದನ್ನು ಹಾಡಿಲ್ಲದೆ ಕಳಿಸುತ್ತೇನೆ ಎಂದಿದ್ದಾನೆ. ಜೋಡಿದಾರನನ್ನು ಕೇಳಿಯೇ ಕಳಿಸುತ್ತಾನಂತೆ.